ಕೊನೆಯವರೆಗೆ ನಿಂತವರು

ನಮ್ಮ ಶಾಲೆಯ ಕಾಲ್ಚೆಂಡಿನ ತಂಡ ಸತತವಾಗಿ ಸೋಲುತ್ತಿದ್ದ ವರ್ಷ, ನಾನೂ ಒಂದು ಪಂದ್ಯವನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದಿದ್ದೆ. ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ ಕಥೆಯನ್ನು ಓದಿದಾಗ ಆ ನಡಿಗೆ ನೆನಪಾಯಿತು. (ಅದು ನಮ್ಮ ಕಾಲ್ಚೆಂಡಲ್ಲ; ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ.) 1988ರ ಕೊನೆಗೆ ಬಿಲ್ ಸ್ನೈಡರರು ತರಬೇತುದಾರರಾಗಿ ಬಂದಾಗ, ಆ ತಂಡ ಗೆಲುವಿನ ಮುಖ ಕಾಣದೆ ಎರಡು ವರ್ಷ ಸಂದಿದ್ದವು. ಅವರು ಶಿರಸ್ತ್ರಾಣದ ಲಾಂಛನವನ್ನೇ ಬದಲಿಸಿದರಂತೆ. ಲಾಂಛನದಿಂದ ಜನ ಬರುವರೇ ಎಂದು ನಾನು ನಕ್ಕೆ. ಆದರೆ 1989ರ ಸೆಪ್ಟೆಂಬರ್ 30ರಂದು, ವೇಳೆ ಮುಗಿಯುವ ಕ್ಷಣದಲ್ಲಿ, ನಾರ್ತ್ ಟೆಕ್ಸಾಸ್ ತಂಡವನ್ನು 20-17ರಿಂದ ಸೋಲಿಸಿದರು. ಆ ವರ್ಷ ಗೆದ್ದುದು ಅದೊಂದೇ, ಸೋತುದು ಹತ್ತು. ನಡುವೆ ಎದ್ದು ಹೋದವರಿಗೆ ಅದೂ ದಕ್ಕಲಿಲ್ಲ. 1998ರಲ್ಲಾದರೋ ನಿಯಮಿತ ಋತುವಿನ ಹನ್ನೊಂದು ಪಂದ್ಯಗಳನ್ನೂ ಗೆದ್ದರು.

ನಮ್ಮ ಹುಡುಗನೊಬ್ಬ ಮರುದಿನ, “ಮಾಸ್ಟ್ರೇ, ಕೊನೆಗೆ ನೀವು ಕಾಣಲಿಲ್ಲ” ಎಂದ. ನಾನು ಹಾಜರಿ ಪುಸ್ತಕ ತೆರೆದೆ.