ಪೀಠವೂ ಪೀಠಸ್ಥರೂ

ಕುರ್ಚಿಗೆ ಕಾಲುಗಳು ನಾಲ್ಕಿದ್ದರೂ ಅದು ಎಲ್ಲಿಗೂ ನಡೆದುಹೋಗುವುದಿಲ್ಲ. ಅದರ ಮೇಲೆ ಕುಳಿತವರಿಗೆ ಕಾಲುಗಳು ಎರಡೇ. ಆದರೆ ಸಾಮಾನ್ಯವಾಗಿ ಅವರೂ ನಡೆದುಹೋಗುವುದಿಲ್ಲ. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಕುಳಿತವರು ಮಜ್ಜಿಗೆ ಮುಗಿದ ಮೇಲೂ ಎಲೆಯ ಮುಂದೆ ಕೈ ಒಣಗಿಸುತ್ತ ಲೋಕಾಭಿರಾಮವಾಗಿ ಮಾತನಾಡುತ್ತಿದ್ದರೆ, ಎರಡನೆಯ ಪಂಕ್ತಿಯವರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೆಮ್ಮಬೇಕಾಗುತ್ತದೆ. ಊಟದ ಮನೆಯಲ್ಲಿ ಆ ಕೆಮ್ಮು ಸಾಕು, ಮಾನವಂತರು ಎದ್ದುಬಿಡುತ್ತಾರೆ. ಊರಿನ ಆಡಳಿತದಲ್ಲಿ ಮಾತ್ರ ಎಷ್ಟು ಕೆಮ್ಮಿದರೂ ಸಾಲದು. ಅಲ್ಲಿ ಕಟ್ಟಳೆಯೇ ಬೇಕಾಗುತ್ತದೆ.

ಪಟ್ಟಣದ ಆಡಳಿತವನ್ನು ಕುರಿತು ಏಳುವ ಹಳೆಯ ಪ್ರಶ್ನೆಗಳು ಎರಡು. ಊರಿನ ಯಜಮಾನಿಕೆಗೆ, ಎಂದರೆ ಮೇಯರರ ಪದವಿಗೆ, ಆರಿಸಬೇಕಾದವರು ಯಾರು? ಪೌರಸಭೆಯ ಸದಸ್ಯರೋ, ಊರಿನ ಸಮಸ್ತ ಮತದಾರರೋ? ಹಾಗೆ ಆರಿಸಿ ಬಂದವರು ಎಷ್ಟು ಸಲ ಆ ಪೀಠದಲ್ಲಿ ಕೂಡಬಹುದು? ಬಹುಮಟ್ಟಿಗೆ ಇವನ್ನು ಶಾಸನಸಭೆಗಳೇ ತೀರ್ಮಾನಿಸಿಬಿಡುತ್ತವೆ. ಆದರೆ ಇಂಗ್ಲೆಂಡಿನ ಹಲವು ಊರುಗಳಲ್ಲಿಯೂ ಅಮೆರಿಕದ ಅನೇಕ ನಗರಗಳಲ್ಲಿಯೂ ಪ್ರಶ್ನೆಯನ್ನೇ ಮತಪತ್ರದ ಮೇಲೆ ಅಚ್ಚುಹಾಕಿಸಿ ಜನರ ಮುಂದೆ ಇಟ್ಟದ್ದುಂಟು. ಅಂಥ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿಲ್ಲ, ಜಾತಿಯಿಲ್ಲ, ನಗುಮುಖದ ಭಾವಚಿತ್ರವಿಲ್ಲ. ಅಲ್ಲಿ ಕೇಳುವುದು ಪೀಠದ ಮಾತು, ಪೀಠಸ್ಥರ ಮಾತಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದು ಹೇಳಿದಷ್ಟು ಸುಲಭವಲ್ಲ. ಮೂರು ಊರುಗಳ ಕಥೆಯಿಂದ ಅದು ತಿಳಿಯುತ್ತದೆ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಹಾರ್ಟಲ್‌ಪೂಲ್ ಎಂಬ ರೇವುಪಟ್ಟಣವಿದೆ. ಆ ಊರಿನವರನ್ನು ನೆರೆಯೂರಿನವರು ರೇಗಿಸುವುದು ಒಂದು ಹಳೆಯ ಐತಿಹ್ಯದಿಂದ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಒಂದು ಫ್ರೆಂಚ್ ಹಡಗು ಅಲ್ಲಿ ಒಡೆದು, ಸಮವಸ್ತ್ರ ತೊಟ್ಟ ಕೋತಿಯೊಂದು ಮಾತ್ರ ಬದುಕಿ ದಡ ಸೇರಿತಂತೆ. ಫ್ರೆಂಚರನ್ನು ಎಂದೂ ಕಂಡರಿಯದ ಬೆಸ್ತರು ಇದೇ ಶತ್ರುವಿನ ಗೂಢಚಾರನೆಂದು ಬಗೆದು, ವಿಚಾರಣೆ ನಡೆಸಿ, ಮರಳದಂಡೆಯಲ್ಲಿ ಗಲ್ಲಿಗೇರಿಸಿದರಂತೆ. ಕಥೆ ನಿಜವೋ ಕಟ್ಟಿದ್ದೋ, ಊರಿನವರು ಮಾತ್ರ ಅದನ್ನು ನಾಚಿಕೆಯೆಂದು ಬಚ್ಚಿಡದೆ ಬಿರುದಿನಂತೆ ಧರಿಸಿದ್ದಾರೆ. ಅವರ ಕಾಲ್ಚೆಂಡಾಟದ ತಂಡಕ್ಕೆ ಕೋತಿಯೇ ಲಾಂಛನ; ಪಂದ್ಯದ ದಿನ ಒಬ್ಬರು ಕೋತಿಯ ವೇಷ ಹಾಕಿ ಮೈದಾನದಲ್ಲಿ ಕುಣಿದು ಜನರನ್ನು ನಗಿಸುವುದು ವಾಡಿಕೆ.

2000ದ ಸ್ಥಳೀಯಾಡಳಿತ ಕಾಯಿದೆಯು ಇಂಗ್ಲೆಂಡಿನ ಊರುಗಳಿಗೆ ಒಂದು ಹೊಸ ಬಾಗಿಲನ್ನು ತೆರೆಯಿತು. ಮತದಾರರಲ್ಲಿ ನೂರಕ್ಕೆ 5 ಮಂದಿ ಸಹಿಹಾಕಿ ಕೇಳಿದರೆ, ಮೇಯರರನ್ನು ನೇರವಾಗಿ ಆರಿಸಬೇಕೆ ಎಂಬ ಬಗ್ಗೆ ಪೌರಸಭೆಯು ಜನಮತಗಣನೆ ನಡೆಸಲೇಬೇಕು. ಪೌರಸಭೆಯು ತಾನಾಗಿಯೂ ನಡೆಸಬಹುದು. ಹಾರ್ಟಲ್‌ಪೂಲಿನಲ್ಲಿ 2001ರಲ್ಲಿ ಮತಗಣನೆ ನಡೆದು, ಕೂದಲೆಳೆಯ ಅಂತರದಿಂದ ‘ಬೇಕು’ ಎಂಬ ಪಕ್ಷ ಗೆದ್ದಿತು. 2002ರ ಮೇ ತಿಂಗಳಲ್ಲಿ ಮೊದಲ ಚುನಾವಣೆ. ಆಗ ಕೋತಿಯ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮಂಡ್ ಎಂಬ 28 ವರ್ಷದ ತರುಣರು ಯಾವ ಪಕ್ಷದ ಹಂಗೂ ಇಲ್ಲದೆ ಉಮೇದುವಾರರಾಗಿ ನಿಂತು, ಶಾಲೆಯ ಮಕ್ಕಳಿಗೆಲ್ಲ ಬಾಳೆಹಣ್ಣು ಪುಕ್ಕಟೆ ಎಂದು ಸಾರಿದರು. ಅದು ತಮಾಷೆಗೆ ಆಡಿದ ಮಾತು. ಆದರೆ ಹಳೆಯ ಪಕ್ಷಗಳ ಮೇಲೆ ಬೇಸರಗೊಂಡಿದ್ದ ಜನ ತಮಾಷೆಯನ್ನೇ ಗೆಲ್ಲಿಸಿದರು.

ದೇಶವೆಲ್ಲ ನಕ್ಕಿತು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತೆಂದು ಕನ್ನಡಿಗರಾದರೂ ಹೇಳುತ್ತಿದ್ದರು. ಆದರೆ ಆ ತರುಣರು ವೇಷವನ್ನು ಕಳಚಿಟ್ಟು ಕಡತಗಳ ಮುಂದೆ ಕುಳಿತರು. ಕೆಲಸ ಕಲಿತರು, ಕೆಲಸ ಮಾಡಿದರು. 2005ರಲ್ಲಿ ಜನ ಅವರನ್ನು ಹತ್ತು ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಮತ್ತೆ ಆರಿಸಿದರು. 2009ರಲ್ಲಿ ಮೂರನೆಯ ಸಲವೂ ಆರಿಸಿದರು. ಮೊದಲ ಗೆಲುವು ವಿನೋದವಾಗಿದ್ದಿರಬಹುದು; ಮೂರನೆಯದು ವಿನೋದವಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಮಂಗಳಾರತಿ ಎತ್ತಬಹುದಾಗಿತ್ತು. 2012ರ ನವೆಂಬರಿನಲ್ಲಿ ಅದೇ ಊರಿನ ಜನರ ಮುಂದೆ ಇನ್ನೊಂದು ಮತಪತ್ರ ಬಂದಿತು: ನೇರವಾಗಿ ಆರಿಸುವ ಮೇಯರರ ಪದವಿ ಇರಬೇಕೋ, ಪೌರಸಭೆಯ ಸಮಿತಿಗಳು ಆಡಳಿತ ನಡೆಸಬೇಕೋ? ಅಧಿಕಾರವು ಒಬ್ಬರ ಕೈಯಲ್ಲಿ ಗಂಟಾಗಿರುವುದಕ್ಕಿಂತ ಹಲವರಲ್ಲಿ ಹಂಚಿಕೆಯಾಗುವುದೇ ಲೇಸು ಎಂಬ ವಾದ ಗೆದ್ದಿತು. ಮರುವರ್ಷದ ಮೇ ತಿಂಗಳಲ್ಲಿ ಡ್ರಮಂಡರು ಮನೆಗೆ ಹೋದರು. ಅವರ ಹಿಂದೆಯೇ ಆ ಪದವಿಯೂ ಹೋಯಿತು. ಮನುಷ್ಯನನ್ನು ಮೂರು ಸಲ ಮೆಚ್ಚಿದ ಊರು ಪೀಠವನ್ನು ಮೆಚ್ಚಲಿಲ್ಲ. ಇದನ್ನು ಕೃತಘ್ನತೆಯೆಂದು ಕರೆಯುವುದು ಸುಲಭ. ವಿವೇಕವೆಂದು ಕರೆಯುವುದಕ್ಕೂ ಆಧಾರವಿದೆ. ಆದರೆ ಅಂದು ಮತ ಹಾಕಿದವರು ಐವರಲ್ಲಿ ಒಬ್ಬರಿಗಿಂತಲೂ ಕಡಮೆ ಎಂಬುದು ಈ ವಿವೇಕಕ್ಕೆ ಅಂಟಿದ ಕಳಂಕ.

ಬ್ರಿಸ್ಟಲ್ ನಗರದ ಕಥೆಯೂ ಇದರ ಒಡಹುಟ್ಟು. 1833ರಲ್ಲಿ ರಾಜಾ ರಾಮಮೋಹನ ರಾಯರು ಕೊನೆಯುಸಿರೆಳೆದ ನಗರವಾದುದರಿಂದ ಭಾರತೀಯರಿಗೆ ಅದು ತೀರ ಅಪರಿಚಿತವಲ್ಲ. 2012ರ ಮೇ 3ರಂದು ಇಂಗ್ಲೆಂಡಿನ 10 ನಗರಗಳಲ್ಲಿ ಏಕಕಾಲಕ್ಕೆ ಇದೇ ಪ್ರಶ್ನೆಯನ್ನು ಕೇಳಲಾಯಿತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಮೊದಲಾದ 9 ನಗರಗಳು ‘ಬೇಡ’ ಎಂದವು. ‘ಬೇಕು’ ಎಂದದ್ದು ಬ್ರಿಸ್ಟಲ್ ಒಂದೇ. ಕೆಂಪು ಷರಾಯಿಯಿಂದಲೇ ಊರಿಗೆಲ್ಲ ಗುರುತಾಗಿದ್ದ ಜಾರ್ಜ್ ಫರ್ಗುಸನ್ ಎಂಬ ವಾಸ್ತುಶಿಲ್ಪಿ ಅಲ್ಲಿ ಮೊದಲ ಬಾರಿಗೆ ನೇರವಾಗಿ ಆರಿಸಿಬಂದ ಮೇಯರರಾದರು. 2016ರಲ್ಲಿ ಅವರನ್ನು ಸೋಲಿಸಿದ ಮಾರ್ವಿನ್ ರೀಸ್ ಜಮೈಕಾ ಮೂಲದ ತಂದೆಯ ಮಗ. ಒಂದು ಕಾಲಕ್ಕೆ ಗುಲಾಮರ ವ್ಯಾಪಾರದಿಂದ ಕೊಬ್ಬಿದ ರೇವುನಗರದಲ್ಲಿ ಅವರ ಆಯ್ಕೆ ಸಣ್ಣ ಸಂಗತಿಯಲ್ಲ. ಆದರೆ 2022ರ ಮೇ ತಿಂಗಳಲ್ಲಿ ಬ್ರಿಸ್ಟಲಿನ ಜನ ಮತ್ತೊಮ್ಮೆ ಮತ ಹಾಕಿ, ನೂರಕ್ಕೆ 59ರಂತೆ ಆ ಪದವಿಯೇ ಬೇಡವೆಂದರು. 2024ರ ಮೇ ತಿಂಗಳಿಗೆ ಅದು ಕೊನೆಗೊಂಡಿತು. ಹತ್ತು ವರ್ಷದ ಹಿಂದೆ ತಾವೇ ಕಟ್ಟಿದ ಪೀಠವನ್ನು ತಾವೇ ಬಿಚ್ಚಿಟ್ಟರು. ಕಟ್ಟಿದವರಿಗೆ ಬಿಚ್ಚುವ ಅಧಿಕಾರವೂ ಉಂಟೆಂಬುದನ್ನು ಮರೆಯಲಿಲ್ಲ.

ಈ ಎರಡು ಊರುಗಳೂ ಉತ್ತರ ಹೇಳಿದ್ದು ಮೊದಲನೆಯ ಪ್ರಶ್ನೆಗೆ. ಎಷ್ಟು ಸಲ ಕೂಡಬಹುದೆಂಬ ಎರಡನೆಯ ಪ್ರಶ್ನೆಯ ಬಿಸಿ ತಿಳಿಯಬೇಕಾದರೆ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕಿಗೆ ಹೋಗಬೇಕು. ಮೇಯರರನ್ನು ಜನರೇ ಆರಿಸುವುದು ಅಲ್ಲಿ ಬಹುಕಾಲದ ರೂಢಿ. ಆದರೆ ಒಮ್ಮೆ ಕುಳಿತ ಪೌರಸಭಾಸದಸ್ಯರು ಏಳುವುದೇ ಅಪರೂಪವಾಗಿದ್ದಿತು. ಸುಗಂಧದ್ರವ್ಯ, ಪ್ರಸಾಧನ ಸಾಮಗ್ರಿಗಳ ವ್ಯಾಪಾರದಿಂದ ಸಿರಿವಂತವಾದ ಮನೆತನದ ರೊನಾಲ್ಡ್ ಲಾಡರ್ ಎಂಬವರು ಸ್ವಂತ ಹಣ ಸುರಿದು ಒಂದು ಚಳವಳಿ ಹೂಡಿದರು. ಅದರ ಫಲವಾಗಿ 1993ರ ನವೆಂಬರಿನಲ್ಲಿ ಪ್ರಶ್ನೆಯು ಮತಪತ್ರವನ್ನೇರಿತು. ಮೇಯರರಿರಲಿ, ಸದಸ್ಯರಿರಲಿ, ನಾಲ್ಕು ವರ್ಷಗಳ ಎರಡು ಅವಧಿಗಳನ್ನು ಸತತವಾಗಿ ಮುಗಿಸಿದ ಮೇಲೆ ಪೀಠ ಬಿಡಬೇಕೆಂಬ ಕಟ್ಟಳೆಗೆ ನೂರಕ್ಕೆ 59ರಷ್ಟು ಜನ ಒಪ್ಪಿದರು. 1996ರಲ್ಲಿ ಪೌರಸಭೆಯು ಎರಡನ್ನು ಮೂರು ಮಾಡಿರೆಂದು ಜನರನ್ನೇ ಕೇಳಿಕೊಂಡಿತು, ಜನ ಒಪ್ಪಲಿಲ್ಲ.

ಕಟ್ಟಳೆಗೆ ಮೊದಲ ಅಗ್ನಿಪರೀಕ್ಷೆ 2001ರಲ್ಲಿ ಬಂದಿತು. 51 ಸದಸ್ಯರ ಸಭೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಗಂಟುಮೂಟೆ ಕಟ್ಟಬೇಕಾಯಿತು. ಮೇಯರ್ ರುಡಾಲ್ಫ್ ಜೂಲಿಯಾನಿ ಅವರ ಎರಡನೆಯ ಅವಧಿಯೂ ಮುಗಿಯುತ್ತಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ 11 ಬಂದಿತು. ಅವಳಿ ಗೋಪುರಗಳು ಉರುಳಿದವು. ಊರಿಗೆ ಊರೇ ಸೂತಕದಲ್ಲಿದ್ದಾಗ ಜೂಲಿಯಾನಿ ಧೈರ್ಯ ಹೇಳಿ ನಿಂತರು. ಇಂಥ ವೇಳೆಯಲ್ಲಿ ಚುಕ್ಕಾಣಿ ಹಿಡಿದವರನ್ನು ಬದಲಾಯಿಸುವುದೆ ಎಂದು ಕೇಳಿದವರಿದ್ದರು. ಇನ್ನು ಮೂರು ತಿಂಗಳು ಇರಲು ಬಿಡಿರೆಂದು ಅವರೂ ಯತ್ನಿಸಿದರು. ಅದು ನಡೆಯಲಿಲ್ಲ. 2002ರ ಜನವರಿ 1ರಂದು ಮೈಕೇಲ್ ಬ್ಲೂಮ್‌ಬರ್ಗ್ ಪ್ರಮಾಣವಚನ ಸ್ವೀಕರಿಸಿದರು, ಊರು ಮುಳುಗಲಿಲ್ಲ.

ವಿಧಿಯ ವಿನೋದ ನೋಡಿ! ಕಟ್ಟಳೆಯ ದೆಸೆಯಿಂದ ತೆರವಾದ ಪೀಠಕ್ಕೆ ಬಂದ ಅದೇ ಬ್ಲೂಮ್‌ಬರ್ಗರು 2008ರಲ್ಲಿ ತಮ್ಮ ಎರಡನೆಯ ಅವಧಿಯ ಕೊನೆಗೆ ಸಮೀಪಿಸಿದಾಗ ಹಣಕಾಸಿನ ಪೇಟೆ ಕುಸಿಯಿತು. ಅವರು ದಕ್ಷರು, ಹಣಕಾಸಿನ ಲೋಕದಲ್ಲಿಯೇ ಬೆಳೆದವರು. ಹಿಂದೆ ಈ ಮಿತಿಯನ್ನು ಸಮರ್ಥಿಸಿದ್ದವರೇ ಈಗ ಸಂಕಟಕಾಲದ ಕಾರಣ ಹೇಳಿ ಮೂರನೆಯ ಅವಧಿಯನ್ನು ಬಯಸಿದರು. ಕೇಳಿದ್ದು ಜನರನ್ನಲ್ಲ, ಪೌರಸಭೆಯನ್ನು. ಅಲ್ಲಿದ್ದ ಸದಸ್ಯರಲ್ಲಿ ಅನೇಕರ ಅವಧಿಯೂ ಅದೇ ಮತದಿಂದ ಬೆಳೆಯುವಂತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ತಕ್ಕ ಸಂದರ್ಭ ದೊರೆಯದು. 1993ರಲ್ಲಿ ಬೇಲಿ ಹಾಕಿಸಿದ ಲಾಡರರೂ ‘ಈ ಒಂದು ಸಲಕ್ಕೆ ಮಾತ್ರ’ ಎಂದು ಒಪ್ಪಿದರು. ಅಕ್ಟೋಬರ್ 23ರಂದು ಪರವಾಗಿ 29, ವಿರೋಧವಾಗಿ 22 ಮತಗಳು ಬಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ: ಜನ ಎರಡು ಸಲ ಮತ ಹಾಕಿ ನಿಲ್ಲಿಸಿದ್ದನ್ನು ಒಂದು ಸಭೆ ಒಂದೇ ದಿನದಲ್ಲಿ ಕೆಡವಿತು. ಕಾನೂನಿನ ಪ್ರಕಾರ ಸಭೆಗೆ ಆ ಅಧಿಕಾರವಿತ್ತೆಂದು ನ್ಯಾಯಾಲಯವೂ ಹೇಳಿತು. ಅಧಿಕಾರವಿತ್ತು, ಔಚಿತ್ಯವಿತ್ತೆ ಎಂಬುದು ಜನರ ಪ್ರಶ್ನೆ.

‘ಈ ಒಂದು ಸಲಕ್ಕೆ ಮಾತ್ರ’ ಎಂಬ ಮಾತನ್ನು ಕೇಳದ ಮನೆಯಿಲ್ಲ. ಬೆಲ್ಲದ ಡಬ್ಬಿಯ ಬಳಿ ಸಿಕ್ಕಿಬಿದ್ದ ಹುಡುಗ ಆಡುವುದು ಇದನ್ನೇ. ಸಾಲಕ್ಕೆ ಮೂರನೆಯ ಸಲ ಬಂದ ನೆಂಟ ಆಡುವುದೂ ಇದನ್ನೇ. 2009ರಲ್ಲಿ ಬ್ಲೂಮ್‌ಬರ್ಗರು ಸ್ವಂತ ಹಣದಿಂದ 10 ಕೋಟಿ ಡಾಲರಿಗೂ ಮಿಕ್ಕಿ ವೆಚ್ಚಮಾಡಿದರು. ಆದರೂ ಗೆದ್ದದ್ದು ನೂರಕ್ಕೆ 5ಕ್ಕಿಂತ ಕಡಮೆ ಅಂತರದಿಂದ. 2010ರಲ್ಲಿ ಪ್ರಶ್ನೆಯು ಮತ್ತೆ ಜನರ ಮುಂದೆ ಬಂದಾಗ ನಾಲ್ವರಲ್ಲಿ ಮೂವರೆನ್ನುವಷ್ಟು ಮತದಾರರು ಎರಡೇ ಅವಧಿ ಸಾಕೆಂದರು. ಅಷ್ಟಕ್ಕೇ ಬಿಡದೆ, ಪೀಠದಲ್ಲಿರುವವರ ಅವಧಿಯನ್ನು ಪೌರಸಭೆಯು ಮುಂದೆ ತಾನೇ ಬದಲಾಯಿಸಕೂಡದೆಂಬ ಬೀಗವನ್ನೂ ಜಡಿದರು.

ಅವಧಿಯ ಮಿತಿಗೆ ಎದುರಾಗಿ ಹೇಳಬಹುದಾದ ಮಾತುಗಳು ಹಗುರವಾದವಲ್ಲ. ಆಯವ್ಯಯದ ಪತ್ರವನ್ನು ಓದಲು ಕಲಿಯುವುದಕ್ಕೇ ಒಂದೆರಡು ವರ್ಷ ಬೇಕು. ಕಲಿತವರನ್ನು ಕಳುಹಿಸಿ ಕಲಿಯದವರನ್ನು ಕೂರಿಸಿದರೆ ನಿಜವಾದ ಅಧಿಕಾರವು ಕದಲದೆ ಕುಳಿತ ಗುಮಾಸ್ತರ, ಗುತ್ತಿಗೆದಾರರ ಕೈಗೆ ಜಾರಬಹುದು. ಇನ್ನೂ ದೊಡ್ಡ ಆಕ್ಷೇಪಣೆಯೆಂದರೆ, ಮೆಚ್ಚಿದವರನ್ನು ಮತ್ತೆ ಆರಿಸುವ ಜನರ ಹಕ್ಕಿಗೇ ಇದು ಕತ್ತರಿಯಲ್ಲವೆ? ಕೆಟ್ಟವರನ್ನು ಇಳಿಸಲು ಚುನಾವಣೆಯಿದೆಯಲ್ಲ, ಮಿತಿ ಏತಕ್ಕೆ?

ಉತ್ತರವು ಆ ಆಕ್ಷೇಪಣೆಯ ಹೊಟ್ಟೆಯಲ್ಲಿಯೇ ಇದೆ. ಕೆಟ್ಟವರನ್ನು ಇಳಿಸಲು ಚುನಾವಣೆಯೇ ಸಾಕು. ಮಿತಿಯ ಕಟ್ಟಳೆ ಇರುವುದು ಒಳ್ಳೆಯವರಿಗಾಗಿ. ದಕ್ಷರಾದವರು, ಜನಪ್ರಿಯರಾದವರು, ತಾವಿಲ್ಲದೆ ಊರು ನಡೆಯದೆಂದು ಪ್ರಾಮಾಣಿಕವಾಗಿಯೇ ನಂಬಿದವರು — ಇವರ ಮುಂದೆ ಜನರ ನಾಲಿಗೆ ಏಳುವುದಿಲ್ಲ. ಉಪಕಾರ ಪಡೆದವರು ‘ಇನ್ನು ಸಾಕು’ ಎನ್ನಲಾರರು. ಆ ಕಠಿಣವಾದ ಮಾತನ್ನು ಜನರು ಯಾರ ಮುಖವೂ ಎದುರಿಗಿಲ್ಲದ ಹೊತ್ತಿನಲ್ಲಿ ಒಂದು ಕಟ್ಟಳೆಯ ಬಾಯಲ್ಲಿ ಮುಂಚಿತವಾಗಿ ಆಡಿಸಿಡುತ್ತಾರೆ. ಆದುದರಿಂದಲೇ, ಮುಖವೊಂದು ಎದುರಿಗೆ ಬಂದಾಗ ಅದನ್ನು ತಿದ್ದಹೊರಟರೆ ಕಟ್ಟಳೆಯ ಜೀವವೇ ಹೋಗುತ್ತದೆ.

ಕನ್ನಡನಾಡಿನ ಮತದಾರರಿಗೆ ಇಂಥ ಮತಪತ್ರ ಕೈಗೆ ಬಂದದ್ದಿಲ್ಲ. ಇಲ್ಲಿಯ ಮಹಾನಗರಗಳಲ್ಲಿ ಮೇಯರರನ್ನು ಆರಿಸುತ್ತ ಬಂದವರು ಪುರಪಿತೃಗಳೇ. 1976ರ ಕಾಯಿದೆ ಆ ಪದವಿಗೆ ಕೊಟ್ಟದ್ದು ಒಂದೇ ವರ್ಷ. ಕಾರ್ಯಭಾರವನ್ನೆಲ್ಲ ಕೊಟ್ಟದ್ದು ಸರಕಾರವು ನೇಮಿಸುವ ಆಯುಕ್ತರಿಗೆ. ಸನ್ಮಾನದ ಹಾರಗಳು ಮುಗಿಯುವಷ್ಟರಲ್ಲಿ ಬೀಳ್ಕೊಡುಗೆಯ ಹಾರಗಳು ಬರುತ್ತಿದ್ದವು. ಬೆಂಗಳೂರಿನ ಪಾಡಂತೂ ಬೇರೆಯೇ. 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. 2025ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆಯುವವರೆಗೆ ಚುನಾವಣೆಯೇ ನಡೆಯಲಿಲ್ಲ. ನ್ಯೂಯಾರ್ಕಿನವರು ಏಳದವರನ್ನು ಏಳಿಸಲು ಹೆಣಗಿದರೆ, ಬೆಂಗಳೂರಿನವರು ಐದು ವರ್ಷ ಬರಿದಾದ ಕುರ್ಚಿಗಳನ್ನು ನೋಡುತ್ತ ಕಾದರು. ಹಾಗೆಂದು ಭಾರತದ ಮತದಾರರಿಗೆ ಇಂಥ ವಿಚಾರ ತಿಳಿಯದೆನ್ನಲಾಗದು. ಮಧ್ಯಪ್ರದೇಶದಲ್ಲಿ ಪುರಸಭೆಯ ಅಧ್ಯಕ್ಷರನ್ನು ನಡುವೆಯೇ ಹಿಂದಕ್ಕೆ ಕರೆಯಿಸಿಕೊಳ್ಳುವ ಮತದಾನಗಳು ನಡೆದಿವೆ. ಅವುಗಳ ಮತಪತ್ರದಲ್ಲಿ ಚಿತ್ರಗಳು ಎರಡೇ: ತುಂಬಿದ ಕುರ್ಚಿ, ಖಾಲಿ ಕುರ್ಚಿ. ಅಕ್ಷರ ಬಾರದವರಿಗೂ ಅರ್ಥವಾಗುವ ರಾಜ್ಯಶಾಸ್ತ್ರವದು.

ನೇರವಾಗಿ ಆರಿಸಿದ ಮೇಯರರು ಲೇಸೋ, ಸಮಿತಿಗಳು ಲೇಸೋ. ಎರಡು ಅವಧಿ ಸಾಕೋ, ಮೂರು ಬೇಕೋ — ಇವಕ್ಕೆ ಎಲ್ಲ ಊರಿಗೂ ಒಪ್ಪುವ ಉತ್ತರವಿಲ್ಲ. ಬ್ರಿಸ್ಟಲ್ ಒಂದೇ ಹತ್ತು ವರ್ಷಗಳಲ್ಲಿ ಎರಡು ಉತ್ತರ ಹೇಳಿತು; ಎರಡೂ ಅದರವೇ. ಉತ್ತರ ಯಾವುದಾದರೂ ಆಗಲಿ, ಅದನ್ನು ಹೇಳಬೇಕಾದವರು ಅದರಿಂದ ಲಾಭ ಪಡೆಯುವವರಲ್ಲ ಎಂಬುದು ಮುಖ್ಯ. ಪೀಠದ ಅಳತೆಯನ್ನು ಪೀಠಸ್ಥರೇ ತೆಗೆದುಕೊಳ್ಳಹೊರಟರೆ ಅದು ಪ್ರತಿಸಲವೂ ಒಂದಂಗುಲ ಅಗಲವಾಗಿಯೇ ಬರುತ್ತದೆ. ಅಳತೆಯ ಕೋಲು ಜನರ ಕೈಯಲ್ಲಿರಬೇಕು. ಅದನ್ನು ಹಿಡಿಯಲು ಅವರು ಮತಗಟ್ಟೆಗೆ ಬರುವಷ್ಟು ಶ್ರಮವನ್ನೂ ಪಡಬೇಕು.