ಬಾಯಂಚು ಸಿಕ್ಕರೆ ಸಾಕು

ಭಾನುವಾರ ಬಂದರೆ ಕೆಲವರು ಗಾಳ ಹಿಡಿದು ಕೆರೆಗೆ ಹೋಗುತ್ತಾರೆ, ಕೆಲವರು ಇಸ್ಪೀಟು ಕಲಸುತ್ತಾರೆ. ನಾನು ಹಳೆಯ ಉತ್ಖನನ ವರದಿ ಬಿಡಿಸಿಕೊಂಡು, ಅದರಲ್ಲಿನ ಒಡೆದ ಮಡಕೆಗಳ ಚಿತ್ರಗಳನ್ನು ನಕಲು ಮಾಡುತ್ತ ಕೂರುತ್ತೇನೆ. ಇದು ಹವ್ಯಾಸವೋ ಕಾಯಿಲೆಯೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಇಡೀ ಮಡಕೆಯೇ ಸಂತೆಯಲ್ಲಿ ಸಿಗುವಾಗ ಚೂರಿಗೇಕೆ ಇಷ್ಟು ಉಪಚಾರ ಎಂದು ಕೇಳುತ್ತಾರೆ. ಉತ್ತರ ನನ್ನಲ್ಲಿದೆ, ಪೂರ್ತಿ ಕೇಳುವ ತಾಳ್ಮೆ ಅವರಲ್ಲಿಲ್ಲ.

ಮಡಕೆಯ ಹೊಟ್ಟೆಯ ಚೂರು ಮಿತಭಾಷಿ. ಬಾಯಂಚಿನ ಚೂರು ಮಹಾ ವಾಚಾಳಿ. ಅದನ್ನು ಮೇಜಿನ ಮೇಲೆ ಕವುಚಿ, ಅಂಚಿಗೂ ಮೇಜಿಗೂ ನಡುವೆ ಬೆಳಕು ನುಸುಳದ ಹಾಗೆ ಓರೆ ಸರಿಪಡಿಸಬೇಕು. ಆಗ ಮಡಕೆ ನಿಂತಿದ್ದ ಭಂಗಿ ತಿಳಿಯುತ್ತದೆ. ಆಮೇಲೆ ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಚೂರನ್ನು ಸರಿಸುತ್ತ ಹೋದರೆ ಯಾವುದೋ ಒಂದು ಗೆರೆಗೆ ಅದು ತಟ್ಟನೆ ಕೂರುತ್ತದೆ. ಎರಡು ಬೆರಳಗಲದ ತುಂಡಿನಿಂದ ಇಡೀ ಬಾಯಿಯ ಅಗಲ ಕೈಗೆ ಬಂತು! ನಡುವೆ ಒಂದು ಲಂಬಗೆರೆ ಎಳೆದು, ಒಂದು ಪಕ್ಕ ಗೋಡೆಯ ದಪ್ಪವನ್ನು ಕಪ್ಪಾಗಿ ತುಂಬಿ, ಇನ್ನೊಂದು ಪಕ್ಕ ಹೊರಮೈ ಬರೆದರೆ ಚಿತ್ರ ಮುಗಿಯಿತು. ನಿವೇಶನಗಳಲ್ಲಿ ಬಿದ್ದಿರುವುದನ್ನು ನಾನು ಮುಟ್ಟುವುದಿಲ್ಲ. ನನ್ನ ಅಭ್ಯಾಸಕ್ಕೆ ಅಡುಗೆಮನೆಯಲ್ಲಿ ಒಡೆದ ಉಪ್ಪಿನಕಾಯಿ ಭರಣಿಗಳೇ ಧಾರಾಳವಾಗಿ ಒದಗುತ್ತವೆ.

ನಾನು ಮತ್ತೆ ಮತ್ತೆ ಮರಳುವುದು ಪುದುಚೇರಿಯ ದಕ್ಷಿಣಕ್ಕೆ, ಅರಿಯಾಂಕುಪ್ಪಂ ನದಿ ಕಡಲಿಗೆ ಸೇರುವಲ್ಲಿನ ಅರಿಕಮೇಡಿನ ಪುಟಗಳಿಗೆ. ಫ್ರೆಂಚ್ ವಿದ್ವಾಂಸ ಜೂವೋ ದುಬ್ರೆಯ್ ಮೊದಲೇ ಕಣ್ಣಿಟ್ಟಿದ್ದ ಈ ದಂಡೆಯನ್ನು 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಮೆಡಿಟರೇನಿಯನ್‌ನಿಂದ ಬಂದ ಆಂಫೋರಾ ಎಂಬ ಜಾಡಿಗಳ ಒಡಕುಗಳು ಸಿಕ್ಕವು. ಇಟಲಿಯ ಅರೆಟ್ಸೊ ಊರಿನ ಹೆಸರಿನಿಂದ ಕರೆಯುವ ಕೆಂಪು ಹೊಳಪಿನ ಅರೆಟೈನ್ ತಟ್ಟೆಗಳ ಚೂರುಗಳು ಸಿಕ್ಕವು. ಅರೆಟೈನ್ ಯಾವ ಕಾಲದ್ದೆಂದು ಯೂರೋಪಿನಲ್ಲಿ ಗೊತ್ತಿತ್ತು, ಹಾಗಾಗಿ ಅದರ ಜತೆ ಸಿಕ್ಕ ಮಡಕೆಗಳಿಗೂ ತಾರೀಖು ಸಿಕ್ಕಿತು. ಜತೆಯಲ್ಲೇ ಬಂದದ್ದು ನನ್ನ ನೆಚ್ಚಿನ ರೂಲೆಟೆಡ್ ತಟ್ಟೆ: ಒಂದಡಿಯ ಆಸುಪಾಸಿನ ಅಗಲ, ತೆಳುಗೋಡೆ, ಕೊಕ್ಕಿನಂತೆ ಒಳಕ್ಕೆ ಬಾಗಿದ ಅಂಚು. ತಳದ ಒಳಗೆ ಸುತ್ತಲೂ ಪುಟ್ಟ ಪುಟ್ಟ ಕಚ್ಚುಗಳ ಪಟ್ಟಿಗಳು. ಹಲ್ಲಿನ ಗಾಲಿ ಉರುಳಿಸಿ ಮಾಡಿದರೋ, ತಿರುಗುವ ತಟ್ಟೆಗೆ ಬಳುಕುವ ಅಲಗು ತಾಗಿಸಿ ಅದು ತಾನಾಗಿ ಕುಣಿದು ಕಚ್ಚುವಂತೆ ಮಾಡಿದರೋ ಎಂಬ ವಾದವಿದೆ. ನಕಲು ಮಾಡುವಾಗ ಆ ಕಚ್ಚುಗಳನ್ನು ಒಂದೊಂದಾಗಿ ಇಡುವುದರಲ್ಲೇ ಮಧ್ಯಾಹ್ನ ಕರಗುತ್ತದೆ.

ಈ ತಟ್ಟೆ ಚಿತ್ರದುರ್ಗಕ್ಕೂ ಬಂದಿತ್ತು. ಚಂದ್ರವಳ್ಳಿ, ಬ್ರಹ್ಮಗಿರಿಗಳನ್ನು ಮೈಸೂರಿನ ಎಂ.ಎಚ್. ಕೃಷ್ಣ ಅದಾಗಲೇ ಅಗೆದಿದ್ದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯವೂ ಸಿಕ್ಕಿದೆ. 1947ರಲ್ಲಿ ವೀಲರ್ ಎರಡೂ ಕಡೆ ಹೊಸದಾಗಿ ಅಗೆಸಿದಾಗ ಅದೇ ಕಚ್ಚುಪಟ್ಟಿಯ ಚೂರುಗಳು ಕಂಡವು. ಕಡಲತೀರದ ತಾರೀಖನ್ನು ಕಲ್ಲುಬೆಟ್ಟದ ಬುಡಕ್ಕೆ ಹೊತ್ತು ತಂದದ್ದು ಆ ಚೂರುಗಳು! ಅವನ್ನು ಮೆಟ್ಟಿಲು ಮಾಡಿಕೊಂಡು ವೀಲರ್ ಬ್ರಹ್ಮಗಿರಿಯ ಕೆಳಗಿನ ಸ್ತರಗಳಿಗೂ ಕಾಲ ಕಟ್ಟಿದರು: ಬೃಹತ್ ಶಿಲಾಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಶುರು, ಅದರ ಕೆಳಗೆ ಕಲ್ಲುಕೊಡಲಿಯವರು.

ಈ ಲೆಕ್ಕ ಉಳಿಯಲಿಲ್ಲ. ಕರ್ನಾಟಕದ್ದೇ ಇನ್ನೊಂದು ನಿವೇಶನ ಹಳ್ಳೂರಿನ ರೇಡಿಯೋ ಕಾರ್ಬನ್ ಪರೀಕ್ಷೆ ನಮ್ಮ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಆಚೀಚೆಗೆ ಒಯ್ದಿತು. ಕಲ್ಲುಕೊಡಲಿಯವರು ಇನ್ನೂ ಹಿಂದಕ್ಕೆ ಸರಿದರು. ಅರಿಕಮೇಡೂ ಬದಲಾಯಿತು. ವೀಲರ್ ಅದನ್ನು ಇಂಡೋ-ರೋಮನ್ ವ್ಯಾಪಾರದ ಠಾಣ್ಯ ಎಂದು ಕರೆದಿದ್ದರು. 1989ರಿಂದ 1992ರವರೆಗೆ ವಿಮಲಾ ಬೇಗ್ಲೆಯವರ ತಂಡ ಮತ್ತೆ ಅಗೆದು ನೋಡಿದರೆ, ರೋಮನ್ ಸರಕು ಬರುವ ಮೊದಲೇ ಅಲ್ಲಿ ಜನ ಬದುಕಿದ್ದರು, ಅದು ನಿಂತ ಮೇಲೂ ಇದ್ದರು. ರೂಲೆಟೆಡ್ ಅಲಂಕಾರದ ಕೈಚಳಕ ಮೆಡಿಟರೇನಿಯನ್ ಕಡೆಯದೆಂದು ವೀಲರ್ ನಂಬಿದ್ದರೆ, ಮಣ್ಣಿನ ಪರೀಕ್ಷೆಗಳು ತಟ್ಟೆ ಭಾರತದ ಮಣ್ಣಿನದ್ದೇ ಎಂದವು. ಇಷ್ಟು ಉರುಳಿದ ಮೇಲೂ ವೀಲರ್ ಅವರ ಅರಿಕಮೇಡು ವರದಿಯನ್ನು ನಾನೇಕೆ ಬಿಡುವುದಿಲ್ಲ? ಅಲ್ಲಿನ ಚಿತ್ರಗಳಿಗಾಗಿ. ಯಾರೋ ಬಿಸಿಲಲ್ಲಿ ಕೂತು, ಅಂಚಿನ ಕೆಳಗೆ ಬೆಳಕು ನುಸುಳದಂತೆ ಹಿಡಿದು, ಅಳತೆ ತಪ್ಪದೆ ಗೆರೆ ಎಳೆದಿದ್ದಾರೆ. ವಾದ ಬಿದ್ದರೂ ಗೆರೆಗೆ ಏನೂ ಆಗಿಲ್ಲ.

ಆ ಗೆರೆಯ ಬೆಲೆ ನನಗೆ ಅರಿವಾದದ್ದು ಬಾಲಿ ದ್ವೀಪದ ಸೆಂಬಿರನ್ ಕುರಿತು ಓದಿದಾಗ. ದ್ವೀಪದ ಉತ್ತರ ಕರಾವಳಿಯ ಆ ಹಳ್ಳಿಯಲ್ಲಿ ಪುರಾತತ್ವಜ್ಞ ಇ ವಯನ್ ಅರ್ಡಿಕ 1980ರ ದಶಕದ ಕೊನೆಯಲ್ಲಿ ಅಗೆದರು. 1991ರಲ್ಲಿ ಪೀಟರ್ ಬೆಲ್‌ವುಡ್ ಜತೆ ಅದರ ಬಗ್ಗೆ ಬರೆದರು. ಆಳದ ಮಣ್ಣಿನಲ್ಲಿ ರೂಲೆಟೆಡ್ ಚೂರುಗಳಿದ್ದವು, ಒಂದು ಚೂರಿನ ಮೇಲೆ ಭಾರತದ ಲಿಪಿಯೂ ಇತ್ತು. ಬಂಗಾಳ ಕೊಲ್ಲಿ ದಾಟಿ, ದ್ವೀಪಗಳ ಸಾಲು ಹಿಡಿದು ಅಲ್ಲಿಯವರೆಗೆ ನಮ್ಮ ಮಣ್ಣು ಹೋಗಿದೆ. ಒಯ್ದವರು ಯಾವ ಊರಿನವರೆಂದು ಚೂರು ಹೇಳುವುದಿಲ್ಲ. ಹಾಯಿಗೆ ಗಾಳಿ ಸಿಕ್ಕ ಯಾರಾದರೂ ಆಗಿರಬಹುದು.

ಸೆಂಬಿರನ್‌ನಲ್ಲಿ ಸಿಕ್ಕ ಇನ್ನೊಂದು ಬಗೆಯ, ಮುದ್ರೆಯೊತ್ತಿದ ಮಡಕೆಯನ್ನು ಬಲ್ಲವರು ಇಂದಿಗೂ ‘ಅರಿಕಮೇಡು ಮಾದರಿ 10’ ಎನ್ನುತ್ತಾರೆ. ಆ ಹತ್ತು ವೀಲರ್ ವರದಿಯ ಚಿತ್ರಗಳಿಗೆ ಕೊಟ್ಟ ಕ್ರಮಸಂಖ್ಯೆ. ತೀರ್ಮಾನಗಳ ಅಧ್ಯಾಯ ಹಳತಾಗಿ, ಚಿತ್ರದ ನಂಬರು ಮಾತ್ರ ಸಮುದ್ರದಾಚೆ ಚಲಾವಣೆಯಲ್ಲಿದೆ. ಅದಕ್ಕೇ ಹೊಸ ವರದಿ ಕೈಗೆ ಬಂದರೂ ನಾನು ಮೊದಲು ತೆರೆಯುವುದು ಮಡಕೆಗಳ ಪುಟ, ಉಪಸಂಹಾರವನ್ನಲ್ಲ.