ಕುಟ್ಟಿದ ಖಾರ

ಖರ್ಡಾ ಎಂದರೆ ಹಸಿಮೆಣಸಿನಕಾಯಿಯನ್ನು ಕಬ್ಬಿಣದ ಹಂಚಿನ ಮೇಲೆ ಹುರಿದು, ಆ ಹಂಚಿನಲ್ಲೇ ಬೆಳ್ಳುಳ್ಳಿ, ಶೇಂಗಾ, ಉಪ್ಪಿನೊಡನೆ ಜಜ್ಜಿ ಮಾಡುವ ಖಾರ. ಮಹಾರಾಷ್ಟ್ರದ ಬೇರೆ ಕಡೆಗಳಲ್ಲಿ ಇದರ ಅಣ್ಣತಮ್ಮಂದಿರಿಗೆ ಠೇಚಾ ಎಂದು ಹೆಸರು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಅದು ಖರ್ಡಾ. ಗಡಿಯ ಕನ್ನಡ ಮನೆಗಳಲ್ಲಿ ಹಸಿಮೆಣಸಿನಕಾಯಿ ಹಿಂಡಿ. ಹೊರಗಿನವರಿಗೆ ಕೊಲ್ಹಾಪುರ ಎಂದರೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ. ಅವು ಮಟನ್ ಬೇಯುವ ದಿನದ ಅಡುಗೆಗಳು. ಉಳಿದ ದಿನಗಳಲ್ಲಿ ಜೋಳದ ಭಕ್ಕರಿಗೆ ಜೊತೆಯಾಗಿ, ಹೊಲಕ್ಕೂ ಮಗ್ಗದ ಶೆಡ್ಡಿಗೂ ಬುತ್ತಿಯಲ್ಲಿ ಕಟ್ಟಿಕೊಂಡು ಹೋಗುವುದು ಖರ್ಡಾ. ಈ ಸೀಮೆಯ ನಾಲಿಗೆಯನ್ನು ಅರಿಯಬೇಕಾದವರು ರಸ್ಸಾಕ್ಕಿಂತ ಮೊದಲು ಇದನ್ನು ತಿನ್ನಬೇಕು.

ಸಾಮಾನು ನಾಲ್ಕೈದು ಮಾತ್ರ, ಆದ್ದರಿಂದ ಎಲ್ಲವೂ ಕೈಯ ಹದದ ಮೇಲೆ ನಿಂತಿದೆ. ಮೆಣಸಿನಕಾಯಿಯ ತೊಟ್ಟು ಮುರಿದು ಉದ್ದಕ್ಕೆ ಒಂದು ಸೀಳು ಕೊಡಬೇಕು; ಇಡಿಯಾಗಿ ಹಾಕಿದರೆ ಒಳಗಿನ ಹಬೆಗೆ ಸಿಡಿದು ಮುಖಕ್ಕೆ ಎಣ್ಣೆ ಹಾರುತ್ತದೆ. ಕಾದ ಹಂಚಿಗೆ ಒಂದಿಷ್ಟು ಶೇಂಗಾ ಎಣ್ಣೆ, ಅದರ ಮೇಲೆ ಮೆಣಸಿನಕಾಯಿ. ಸಿಪ್ಪೆ ಅಲ್ಲಲ್ಲಿ ಬಿಳುಪೇರಿ, ಕಂದು ಚುಕ್ಕೆ ಮೂಡಿ, ಕಾಯಿ ಮೆತ್ತಗಾಗುವಷ್ಟು ಹುರಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಸುಟ್ಟ ಕಹಿ ಬರುತ್ತದೆ, ಕಡಿಮೆಯಾದರೆ ಹಸಿ ಹುಲ್ಲಿನ ವಾಸನೆ ಉಳಿಯುತ್ತದೆ. ಮನೆಯವರೆಲ್ಲ ಕೆಮ್ಮಲು ಶುರುಮಾಡಿದಾಗ ಬೆಳ್ಳುಳ್ಳಿ ಬೀಳುತ್ತದೆ, ಜೊತೆಗೆ ಚಿಟಿಕೆ ಜೀರಿಗೆ. ಶೇಂಗಾವನ್ನು ಮಾತ್ರ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆದಿಟ್ಟುಕೊಂಡಿರಬೇಕು.

ಮುಂದಿನದೇ ನಿಜವಾದ ಕಸುಬು. ಹಂಚು ಇಳಿಸಿ, ದಪ್ಪ ಉಪ್ಪು ಉದುರಿಸಿ, ಹಿತ್ತಾಳೆಯದೋ ಸ್ಟೀಲಿನದೋ ತಂಬಿಗೆಯ ತಳದಿಂದ ಮೆಣಸಿನಕಾಯಿಯನ್ನು ಒತ್ತಿ ಎಳೆಯುತ್ತಾರೆ. ಕಲಬತ್ತಾದಲ್ಲಿ ಕುಟ್ಟುವವರೂ ಇದ್ದಾರೆ. ಆದರೆ ಹಂಚಿನ ತಳಕ್ಕೆ ಅಂಟಿದ ಎಣ್ಣೆ, ಕರಿ, ರಸವೆಲ್ಲ ಖಾರಕ್ಕೇ ಸೇರುವುದು ತಂಬಿಗೆಯ ವಿಧಾನದಲ್ಲಿ. ಉಪ್ಪಿನ ಹರಳು ಮೊದಲೇ ಬಿದ್ದಿರುವುದರಿಂದ ಜಾರುವ ಸಿಪ್ಪೆಗೆ ಹಿಡಿತ ಸಿಗುತ್ತದೆ, ಕಾಯಿ ನಾರಿನ ಉದ್ದಕ್ಕೆ ಹರಿಯುತ್ತದೆ. ಆಮೇಲೆ ಬೆಳ್ಳುಳ್ಳಿ. ಶೇಂಗಾ ಕಟ್ಟಕಡೆಗೆ, ಅದೂ ಎರಡು ಮೂರು ಒತ್ತಿಗೆ ಮಾತ್ರ. ಶೇಂಗಾ ಮೊದಲೇ ಬಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗಿ, ಮೆಣಸಿನಕಾಯಿಗೆ ತಂಬಿಗೆಯ ಪೆಟ್ಟೇ ತಾಗುವುದಿಲ್ಲ. ಕೊನೆಗೆ ಕೊತ್ತಂಬರಿ ಸೊಪ್ಪು. ಲಿಂಬೆಹಣ್ಣು ಹಿಂಡುವವರು ಹಿಂಡುತ್ತಾರೆ.

ಇದನ್ನೆಲ್ಲ ಮಿಕ್ಸರಿಗೆ ಹಾಕಿ ಒಂದು ಸುತ್ತು ತಿರುಗಿಸಿದರೆ ಆಗದೇ ಎಂದು ಕೇಳುವವರಿಗೆ ಉತ್ತರ: ಆಗುತ್ತದೆ, ಆದರೆ ಅದು ಚಟ್ನಿ. ಮೆಣಸಿನಕಾಯಿಯ ಖಾರವನ್ನು ಹೊತ್ತಿರುವುದು ಬೀಜವಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳು. ಕ್ಯಾಪ್ಸೈಸಿನ್ ಹುಟ್ಟುವುದು ಅಲ್ಲೇ. ಮಿಕ್ಸರಿನ ಅಲಗು ಆ ತಿರುಳನ್ನೂ ಸಿಪ್ಪೆಯನ್ನೂ ಶೇಂಗಾವನ್ನೂ ಒಂದೇ ನುಣುಪಿಗೆ ತಂದು ಖಾರವನ್ನು ಸಮನಾಗಿ ಹರಡುತ್ತದೆ. ಮೊದಲ ತುತ್ತೂ ಕೊನೆಯ ತುತ್ತೂ ಒಂದೇ ರುಚಿ. ಜಜ್ಜಿದ ಖರ್ಡಾದಲ್ಲಿ ಒಂದು ತುತ್ತಿಗೆ ಶೇಂಗಾದ ಚೂರು, ಇನ್ನೊಂದಕ್ಕೆ ಬೆಳ್ಳುಳ್ಳಿಯ ಮೆತ್ತನೆ ಸಿಹಿ, ಮೂರನೆಯದಕ್ಕೆ ಕಣ್ಣಲ್ಲಿ ನೀರು. ಹುರಿದರೆ ಖಾರ ತಗ್ಗುತ್ತದೆ ಎನ್ನುವ ನಂಬಿಕೆಗೂ ಆಧಾರವಿಲ್ಲ. ಹಂಚಿನ ಬಿಸಿಗೆ ಕ್ಯಾಪ್ಸೈಸಿನ್ ಜಗ್ಗುವಂಥದ್ದಲ್ಲ. ಬಿಸಿಗೆ ಸೋಲುವುದು ಬೆಳ್ಳುಳ್ಳಿ: ಅದರ ಘಾಟು ಹುಟ್ಟುವುದು ಎಸಳು ಜಜ್ಜಿದಾಗ ಒಂದು ಕಿಣ್ವ ಕೆಲಸಕ್ಕೆ ಇಳಿಯುವುದರಿಂದ, ಹುರಿದಾಗ ಆ ಕಿಣ್ವ ನಾಶವಾಗುತ್ತದೆ. ಹಾಗಾಗಿ ಖರ್ಡಾದಲ್ಲಿ ಮೆಣಸಿನಕಾಯಿ ಉಗ್ರವಾಗಿಯೇ ಇದ್ದು ಬೆಳ್ಳುಳ್ಳಿ ಮಾತ್ರ ಸೌಮ್ಯವಾಗಿರುತ್ತದೆ.

ಮೆಣಸಿನಕಾಯಿಯ ವಿಷಯದಲ್ಲಿ ಈ ಸೀಮೆ ಭಾಗ್ಯವಂತ. ಕೊಲ್ಹಾಪುರದ ಹೆಸರಿನೊಂದಿಗೆ ಜನರ ಬಾಯಲ್ಲಿ ಕೂಡಿಬರುವುದು ಲವಂಗಿ, ಗಾತ್ರದಲ್ಲಿ ಗಿಡ್ಡ, ಖಾರದಲ್ಲಿ ಜೋರು. ಗಡಹಿಂಗ್ಲಜದ ಪೇಟೆಗೆ ಹೆಸರು ತಂದದ್ದು ಸಂಕೇಶ್ವರಿ: ಉದ್ದ, ಸಣಕಲು, ಒಣಗಿದ ಮೇಲೆ ಸುಕ್ಕುಬಿದ್ದ ಕೆಂಪು. ಅದಕ್ಕೆ ಹೆಸರು ಕೊಟ್ಟ ಸಂಕೇಶ್ವರ ಹಿರಣ್ಯಕೇಶಿ ಹೊಳೆಗುಂಟ ಕೆಳಗೆ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿದೆ. 1956ರಲ್ಲಿ ರಾಜ್ಯಗಳ ಗಡಿ ಈ ಎರಡು ಊರುಗಳ ನಡುವೆ ಬಂದಿತು. ಮೆಣಸಿನಕಾಯಿ ಮಾತ್ರ ಹೆಸರನ್ನೂ ಪೇಟೆಯನ್ನೂ ಬಿಡದೆ ಎರಡೂ ಕಡೆ ಉಳಿಯಿತು. ಕಾಯಿ ಹಸಿರಿದ್ದಾಗ ಖರ್ಡಾ. ಗಿಡದಲ್ಲೇ ಹಣ್ಣಾಗಿ ಕೆಂಪಾದಾಗ ಕನ್ನಡ ಮನೆಗಳಲ್ಲಿ ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಲಿಂಬೆರಸ ಹಾಕಿ ಕುಟ್ಟಿಡುವ ಕೆಂಪು ಹಿಂಡಿ, ಅಂದರೆ ರಂಜಕ. ಒಣಗಿದ ಮೇಲೆ ಬೇಸಿಗೆಯಲ್ಲಿ ಮಾಡಿಡುವ ಕಾಂದಾ-ಲಸೂಣ ಮಸಾಲೆ. ಮೂರಕ್ಕೂ ಮೂಲ ಕುಟ್ಟುವಿಕೆಯೇ.

ಇಷ್ಟು ಬೇರುಬಿಟ್ಟಿರುವ ಮೆಣಸಿನಕಾಯಿ ಈ ನೆಲದ ಗಿಡವಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅಮೆರಿಕದಿಂದ ಬಂದದ್ದು. ಅದಕ್ಕೆ ಮೊದಲು ಖಾರಕ್ಕೆ ಕರಿಮೆಣಸು, ಶುಂಠಿಯಂಥವೇ ಗತಿ. ಶೇಂಗಾದ ತವರು ದಕ್ಷಿಣ ಅಮೆರಿಕ. ಖರ್ಡಾಕ್ಕೆ ಸೇರದ ಪಪ್ಪಾಯಿಯೂ ಅತ್ತಲಿನದೇ, ಮಧ್ಯ ಅಮೆರಿಕದ ಕಡೆಯದು. ಇವು ಮೇಕಾಂಗ್ ನದಿಯ ದಡಕ್ಕೂ ಹೋಗಿ, ಮೆಣಸಿನಕಾಯಿ ಮತ್ತು ಪಪ್ಪಾಯಿ ಒಂದೇ ಒರಳಿನಲ್ಲಿ ಕೂಡಿದಾಗ ಹುಟ್ಟಿದ್ದು ಲಾವೋಸಿನ ತಮ್ ಮಾಕ್ ಹುಂಗ್, ಥಾಯ್ಲೆಂಡಿನ ಸೋಮ್ ತಮ್, ಎಂದರೆ ಹಸಿ ಪಪ್ಪಾಯಿಯ ಖಾರದ ಕುಟ್ಟು. ಥಾಯ್ಲೆಂಡಿನ ಈಶಾನ್ಯಕ್ಕಿರುವ ಇಸಾನ್ ಸೀಮೆಯ ಬಹುಪಾಲು ಜನ ಲಾವೋ ಮೂಲದವರು. ಅವರು ಕೂಲಿ ಹುಡುಕಿಕೊಂಡು ಬ್ಯಾಂಕಾಕಿಗೆ ಬಂದಾಗ ಈ ಕುಟ್ಟೂ ಜೊತೆಗೆ ಬಂದು ದೇಶದ ತಿನಿಸಾಯಿತು. ಥಾಯ್ ರಾಜಕುಮಾರಿ ಮಹಾ ಚಕ್ರಿ ಸಿರಿಂಧೋರ್ನ್ ಇದನ್ನು ಮಾಡುವ ಬಗೆಯನ್ನೇ ಹಾಡಾಗಿ ಬರೆದಿದ್ದಾರೆ.

ಅಲ್ಲಿಯ ಒರಳು ಮಣ್ಣಿನದು, ಆಳವಾದದ್ದು, ಒನಕೆ ಕಟ್ಟಿಗೆಯದು. ಕಲ್ಲಿನ ಒರಳು ಅವರಲ್ಲೂ ಇದೆ, ಆದರೆ ಅದು ಮಸಾಲೆ ಅರೆಯಲು. ಪಪ್ಪಾಯಿಯ ಎಳೆ ನಜ್ಜುಗುಜ್ಜಾಗದೆ ಬರೀ ಕಂದಿ ರಸ ಹೀರಬೇಕಾದರೆ ಮಣ್ಣು ಮತ್ತು ಕಟ್ಟಿಗೆಯ ಮೆತ್ತನೆಯ ಪೆಟ್ಟೇ ಬೇಕು. ಹಂಚು ಮತ್ತು ತಂಬಿಗೆಯ ಜೋಡಿಯ ಹಿಂದಿರುವ ತಿಳಿವಳಿಕೆಯೂ ಇದೇ: ಏನನ್ನು ಎಷ್ಟು ಮುರಿಯಬೇಕು ಎಂಬುದನ್ನು ಉಪಕರಣವೇ ನಿಶ್ಚಯಿಸುತ್ತದೆ. ಕ್ರಮವೂ ಒಂದೇ ಜಾಡಿನದು. ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ, ಆಮೇಲೆ ತಾಳೆಬೆಲ್ಲ, ಉದ್ದನೆಯ ಅಲಸಂದೆಕಾಯಿ, ಒಣ ಸೀಗಡಿ, ಶೇಂಗಾ, ನಂತರ ಟೊಮ್ಯಾಟೊ, ಲಿಂಬೆರಸ, ಮೀನಿನ ರಸ, ಕೊನೆಗೆ ಪಪ್ಪಾಯಿ. ಒಂದು ಕೈ ಕುಟ್ಟುತ್ತಿರುವಾಗಲೇ ಇನ್ನೊಂದು ಕೈ ಚಮಚದಿಂದ ತಳದ್ದನ್ನು ಮೇಲಕ್ಕೆ ತಿರುವುತ್ತಿರುತ್ತದೆ. ಲಾವೋ ಬಗೆಯಲ್ಲಿ ಸಿಹಿ ಕಡಿಮೆ, ಶೇಂಗಾ ಸಾಮಾನ್ಯವಾಗಿ ಇರುವುದಿಲ್ಲ, ಹುದುಗು ಬರಿಸಿದ ಮೀನಿನ ಪಾದೇಕ್ ಮುಂದಾಗಿರುತ್ತದೆ. ಬೆಳ್ಳುಳ್ಳಿ ಎರಡರಲ್ಲೂ ಹಸಿಯದೇ. ಅದರ ಘಾಟು ಖರ್ಡಾ ತಿಂದವರಿಗೂ ಹೊಸದೆನಿಸುತ್ತದೆ.

ಗಡಿಯ ತಾಟಿನಲ್ಲಿ ಈ ರುಚಿಗಳೆಲ್ಲ ಇವೆ, ಒಂದೇ ಪಾತ್ರೆಯಲ್ಲಿ ಇಲ್ಲ ಅಷ್ಟೆ. ಖಾರಕ್ಕೆ ಖರ್ಡಾ; ಹಸಿ ಕಾಯಿಯ ಕುರುಕಿಗೆ ಮೂಲಂಗಿ, ಸೌತೆಕಾಯಿ, ಮೆಂತ್ಯಸೊಪ್ಪಿಗೆ ಶೇಂಗಾಪುಡಿ ಕಲಸಿದ ಪಚಡಿ; ಸಿಹಿಗೆ ಒಂದು ತುಂಡು ಬೆಲ್ಲ. ಆದ್ದರಿಂದ ಸೋಮ್ ತಮ್ ಇಲ್ಲಿಯ ಅಡುಗೆಮನೆಗೆ ಹೊರಗಿನದಾಗಿ ಉಳಿಯಬೇಕಿಲ್ಲ. ಹಿತ್ತಿಲ ಪಪ್ಪಾಯಿ ಗಿಡದಿಂದ ಒಳಗೆ ಇನ್ನೂ ಬೆಳ್ಳಗಿರುವ ಗಟ್ಟಿ ಕಾಯಿ ಕಿತ್ತು, ತೊಟ್ಟಿನ ಹಾಲು ಸೋರಿಹೋಗಲು ಬಿಟ್ಟು, ಸಿಪ್ಪೆ ಹೆರೆದು, ಎಳೆಎಳೆಯಾಗಿ ಹೆಚ್ಚಿ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಡಬೇಕು. ಆ ಹಾಲಿನಲ್ಲಿರುವ ಪಪೇನ್ ಮಾಂಸವನ್ನು ಮೆತ್ತಗೆ ಮಾಡುತ್ತದೆಂದೇ ಮಟನ್ನಿಗೆ ಹಸಿ ಪಪ್ಪಾಯಿ ಹಚ್ಚುವ ರೂಢಿ ಇರುವುದು. ಹಸಿಯಾಗಿ ತಿನ್ನುವಾಗ ಅದು ತೊಳೆದುಹೋದರೆ ನಾಲಿಗೆಗೆ ಒಳಿತು. ತಾಳೆಬೆಲ್ಲದ ಜಾಗಕ್ಕೆ ಕೊಲ್ಹಾಪುರದ ಬೆಲ್ಲ ಸಲೀಸಾಗಿ ಬರುತ್ತದೆ. ಮೀನಿನ ರಸ ಒಲ್ಲದವರು ಉಪ್ಪು ಮತ್ತು ತುಸು ಹುಣಸೆರಸ ಹಾಕಬಹುದು. ಅದು ಇಸಾನಿನ ರುಚಿಯಲ್ಲ, ಆದರೂ ಒಳ್ಳೆಯ ರುಚಿ.

ತಿನ್ನುವ ರೀತಿಯಲ್ಲೂ ಎರಡು ಸೀಮೆಗಳು ಹತ್ತಿರ. ಅಲ್ಲಿ ಅಂಟಕ್ಕಿಯ ಅನ್ನವನ್ನು ಬೆರಳಲ್ಲಿ ಉಂಡೆಮಾಡಿ ಅದ್ದುತ್ತಾರೆ, ಇಲ್ಲಿ ಬಿಸಿ ಭಕ್ಕರಿ ಮುರಿದು ಒತ್ತುತ್ತಾರೆ. ಖಾರ ನೆತ್ತಿಗೇರಿದಾಗ ನೀರು ಕುಡಿಯುವುದು ವ್ಯರ್ಥ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಕರಗುತ್ತದೆ. ಹಾಲಿನ ಪ್ರೋಟೀನು ಅದನ್ನು ನಾಲಿಗೆಯಿಂದ ಬಿಡಿಸುತ್ತದೆ. ಖರ್ಡಾದ ಪಕ್ಕ ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ ಇರಿಸುವ ವಾಡಿಕೆ ಈ ರಸಾಯನಶಾಸ್ತ್ರಕ್ಕಿಂತ ಹಳೆಯದು. ಕೆಲವರು ಖರ್ಡಾದ ಮೇಲೆ ಇನ್ನೊಂದು ಚಮಚ ಶೇಂಗಾ ಎಣ್ಣೆ ಸುರಿದುಕೊಳ್ಳುತ್ತಾರೆ, ಅದೂ ಸರಿಯೇ.

ಉಳಿದದ್ದು ಇಡುವ ಮಾತು. ಪಪ್ಪಾಯಿಯ ಕುಟ್ಟನ್ನು ಆಗಲೇ ತಿಂದು ಮುಗಿಸಬೇಕು. ಉಪ್ಪು ತಾಗಿದ ಎಳೆ ನೀರು ಬಿಟ್ಟು ಜೋತುಬೀಳುತ್ತದೆ, ಕುರುಕು ಹೋಗುತ್ತದೆ. ಖರ್ಡಾದಲ್ಲಿ ಹುರಿದಾಗಲೇ ನೀರಿನಂಶ ಬಹಳಷ್ಟು ಆರಿರುವುದರಿಂದ, ಕೊತ್ತಂಬರಿ ಹಾಕದೆ, ಒಣಚಮಚ ಬಳಸಿದರೆ ಎರಡು ಮೂರು ದಿನ ಬರುತ್ತದೆ. ಮರುದಿನಕ್ಕೆ ಉಪ್ಪು ಒಳಗಿಳಿದು ರುಚಿ ಏರುತ್ತದೆ, ಆದರೆ ಶೇಂಗಾ ಮೆತ್ತಗಾಗಿರುತ್ತದೆ. ಬುತ್ತಿಗೆ ಕಟ್ಟುವಾಗ ಶೇಂಗಾವನ್ನು ಬೇರೆ ಪೊಟ್ಟಣದಲ್ಲಿ ಒಯ್ದು, ಉಣ್ಣುವ ಹೊತ್ತಿಗೆ ಕೈಯಲ್ಲೇ ಮುರಿದು ಕಲಸಿಕೊಂಡರೆ ಆ ಕೊರತೆಯೂ ಇರುವುದಿಲ್ಲ.